ಎದೆಯ ಯಂತ್ರಕ್ಕೆ ಹಾಕಿದ ಬೀಗ

ಸೊಸೆಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ ಅತ್ತೆ, "ಕಂಪ್ಯೂಟರಿಗೆ ಬೀಗ ಹಾಕ್ತಾಳೆ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ಅದು ಸುಳ್ಳೇನಲ್ಲ. ಅವಳದು ಗೂಢಲಿಪಿಯ ಕೆಲಸ: ಒಂದು ಯಂತ್ರ ಇನ್ನೊಂದಕ್ಕೆ ಕಳಿಸುವ ಮಾತನ್ನು ಲೆಕ್ಕದಿಂದ ಕಲಸಿ, ಕೀಲಿ ಇದ್ದವರಿಗಷ್ಟೇ ತಿಳಿಯುವಂತೆ ಮಾಡುವುದು.

ಎದೆಯೊಳಗೆ ಕೂರಿಸುವ ಪೇಸ್‌ಮೇಕರಿಗೆ ಇಂಥ ಬೀಗ ಬೇಕಾಯಿತು. ಡಾಕ್ಟರು ಅದನ್ನು ಹೊರಗಿನಿಂದಲೇ, ತಂತಿಯಿಲ್ಲದೆ ಸರಿಮಾಡುತ್ತಾರೆ. ಬೇರೆ ಯಾರೂ ಅದರಲ್ಲಿ ಕೈಯಾಡಿಸಬಾರದು. ಬ್ಯಾಟರಿಯೋ ಪುಟಾಣಿ, ಹೆಚ್ಚು ಲೆಕ್ಕ ಮಾಡಿಸಿದರೆ ಬೇಗ ಬರಿದಾಗುತ್ತದೆ. ಅವಳು ತಲೆ ಕೆಡಿಸಿಕೊಂಡು, ಮಾತನ್ನು ಹನ್ನೆರಡು ಸುತ್ತು ಕಲಸುವ ಹಗುರವಾದ ವಿಧಾನವೊಂದನ್ನು ಕಟ್ಟಿದಳು. ಆಮೇಲೆ, "ಇದನ್ನ ಎಲ್ಲರೂ ನೋಡೋ ಹಾಗೆ ಹೊರಗೆ ಹಾಕೋಣ" ಎಂದಳು.

ಅವಳ ಆಫೀಸಿನ ಮ್ಯಾನೇಜರ್ ಹೌಹಾರಿದರು. "ಬೀಗ ಮಾಡಿ ಅದರ ಹೊಟ್ಟೆ ಬಗೆದು ಕಳ್ಳರಿಗೆ ತೋರಿಸ್ತೀರೇನ್ರಿ?"

"ಕೀಲಿ ಕೊಡ್ತಿಲ್ವಲ್ಲ ಸರ್. ಒಳಗಿನ ವಿಧಾನ ಕಂಡ ಕೂಡಲೇ ಮುರಿಯೋದಾದ್ರೆ ಅದು ಬೀಗವೇ ಅಲ್ಲ. ಕಳ್ಳರಿಗಿಂತ ಮುಂಚೆ ಜಾಣರು ಎಳೆದು ನೋಡ್ಲಿ."

ಅವರು ಗೊಣಗುತ್ತಲೇ ಒಪ್ಪಿದರು.

ಮರುವರ್ಷ ದೂರದ ವಿಶ್ವವಿದ್ಯಾಲಯದ ಸಂಶೋಧಕಿಯೊಬ್ಬಳು ಏಳು ಸುತ್ತುಗಳನ್ನು ಬಿಡಿಸಿ ತೋರಿಸಿದಳು. ಆಫೀಸಿನವರ ಮುಖವೆಲ್ಲ ಇಂಗು ತಿಂದ ಮಂಗನಂತಾಯಿತು. ಇವಳು ಮಾತ್ರ ಆ ಬರಹವನ್ನು ಮನೆಗೆ ತಂದು ಊಟದ ಮೇಜಿನ ಮೇಲೆ ಹರಡಿಕೊಂಡು ಓದಿದಳು. ತನಗೇ ಹೊಳೆಯದ ದಾರಿ. ಎಷ್ಟು ಚೆಂದ ಎನ್ನಿಸಿತು. ಆದರೆ ಎಂಟನೆಯ ಸುತ್ತಿನಲ್ಲಿ ಆ ದಾರಿ ಮುಚ್ಚಿಹೋಗಿತ್ತು. ಬ್ಯಾಟರಿ ವಿಭಾಗದವರು "ಏಳು ಸುತ್ತು ಧಾರಾಳ" ಎಂದು ಜಗಳವಾಡಿದ್ದಾಗ ಅವಳು ಹನ್ನೆರಡರ ಪಟ್ಟು ಸಡಿಲಿಸಿರಲಿಲ್ಲ. ಆ ಸಂಶೋಧಕಿಗೆ ಮನಸಾರೆ ಅಭಿನಂದನೆ ಬರೆದಳು.

ಯಂತ್ರ ಆಸ್ಪತ್ರೆಗಳಿಗೆ ಬಂದ ಮೇಲೆ ಅತ್ತೆಯ ಹೃದಯವೇ ತಾಳ ತಪ್ಪಿತು. ಅದೇ ಯಂತ್ರವನ್ನು ಕೂರಿಸಿದರು.

"ಇದರ ಬೀಗ ನಿಂದೇನಾ?" ಹಾಸಿಗೆಯಲ್ಲಿದ್ದ ಅತ್ತೆ ಕೇಳಿದರು.

"ಹೌದತ್ತೆ."

"ಯಾರೂ ಮುರಿಯಲ್ಲ ತಾನೆ?"

ಇಲ್ಲ ಎಂದುಬಿಡುವುದು ಸುಲಭವಿತ್ತು. "ದೊಡ್ಡ ದೊಡ್ಡೋರೆಲ್ಲ ನೋಡ್ತಾನೇ ಇದ್ದಾರೆ. ಇನ್ನೂ ಆಗಿಲ್ಲ. ಆಗೋ ಹಾಗೆ ಕಂಡ್ರೆ ಮೊದಲು ನಮಗೇ ಹೇಳ್ತಾರೆ, ಬದಲಾಯಿಸ್ತೀವಿ."

ಅತ್ತೆ ತುಸು ಯೋಚಿಸಿ, "ಹಾಗಾದ್ರೆ ಸರಿ" ಎಂದರು. ನರ್ಸ್ ಒಳಗೆ ಬಂದದ್ದೇ ತಡ, "ಹುಷಾರಮ್ಮ, ಇದು ನಮ್ಮ ಸೊಸೆ ಮಾಡಿರೋದು" ಎಂದು ಶುರುಮಾಡಿದರು.

"ಬೀಗ ಮಾತ್ರ ಅತ್ತೆ."

"ಬೀಗ ಹಾಕಿದೋಳು ಸ್ವಲ್ಪ ಬೀಗಿದ್ರೆ ಏನೂ ತಪ್ಪಿಲ್ಲ, ಸುಮ್ನಿರು."

ಪಕ್ಕದ ಪರದೆಯ ಮೇಲೆ, ಎದೆಯ ಯಂತ್ರ ಕಳಿಸುತ್ತಿದ್ದ ಅತ್ತೆಯ ಬಡಿತದ ಗೆರೆ ಸಮನಾಗಿ ಏರಿಳಿಯುತ್ತಿತ್ತು. ಅದರ ಒಂದೊಂದು ಅಂಕಿಯೂ ಅವಳ ಹನ್ನೆರಡು ಸುತ್ತುಗಳನ್ನು ದಾಟಿ ಬಂದದ್ದು. ಅವಳು ಕಣ್ಣು ಕೀಳದೆ ನೋಡುತ್ತ ನಿಂತಳು.