ಸಾರಕ್ಕಿಯ ಅಡ್ಡೆ, ಜೆಟ್ಟಿನ ರೆಕ್ಕೆ

ಸಾರಕ್ಕಿ ಕೆರೆಯ ಬಳಿ ಬಸ್ಸು ಕೆಟ್ಟು ನಿಂತಿತು. ಪಕ್ಕದ ಸೀಟಿನವರು ವಿಮಾನದ ಮೆಕ್ಯಾನಿಕ್. ದೊಡ್ಡ ಜೆಟ್ಟುಗಳು ರೆಕ್ಕೆಯೊಳಗೇ ಇಂಧನ ತುಂಬಿಕೊಳ್ಳುತ್ತವೆಂದು ಅವರು ಹೇಳಿದಾಗ, ಮುಂದಿನ ವಾರ ಬೊಂಬಾಯಿಯಲ್ಲಿ ಮೊದಲ ಸಲ ಜೆಟ್ ಹತ್ತಬೇಕಾದ ನಾನು, "ಒಂದೇ ರೆಕ್ಕೆ ಭಾರವಾದ್ರೆ?" ಎಂದು ಕೇಳಿದೆ.

"ಅಲ್ನೋಡಿ ಸಾರ್," ಎಂದು ಕಿಟಕಿಯಾಚೆ ತೋರಿಸಿದರು. ಹೆಗಲ ಮೇಲಿನ ಬಿದಿರಿನ ಅಡ್ಡೆಯ ಎರಡು ತುದಿಗೂ ಕೊಡ ಕಟ್ಟಿಕೊಂಡ ರೈತರೊಬ್ಬರು ಸೊಪ್ಪಿನ ಮಡಿಗೆ ನೀರುಣಿಸುತ್ತಿದ್ದರು: ಮುಂದಿನ ಕೊಡದಿಂದ ಒಂದಿಷ್ಟು, ಹಿಂದಿನದರಿಂದ ಒಂದಿಷ್ಟು.

"ಜೆಟ್ಟಲ್ಲೂ ಪಂಪುಗಳು ಎರಡು ರೆಕ್ಕೆಯಿಂದಲೂ ಹೀಗೇ ಸಮಸಮ ಎಳೀತವೆ. ಒಂದೇ ಕಡೆ ಖಾಲಿಯಾದ್ರೆ ವಾಲ್ಕೊಳ್ಳುತ್ತೆ."

ಕೆಳಗಿಳಿದು ರೈತರಿಗೂ ಅದನ್ನು ಹೇಳಿ, ಮುಂದಿನ ವಾರ ಅಂಥ ಜೆಟ್ಟಲ್ಲೇ ಸಮುದ್ರ ದಾಟಲಿದ್ದೇನೆ ಎಂದೆ. ಅವರು ಅಡ್ಡೆ ಇಳಿಸಿ ಹೆಗಲು ನೀವಿಕೊಂಡರು.

"ನಾನಾದ್ರೆ ನೋವಾದಾಗ ಇಳಿಸ್ತೀನಿ ಸ್ವಾಮಿ. ಅದು ಇಳಿಸದೇನೇ ಸಮುದ್ರ ದಾಟ್ತದಾ? ಭಲೇ!"