ನಿಲ್ಲಿಸಲು ಜಾಗವಿಲ್ಲದ ಕಾದಂಬರಿ

ಆಗೆಲ್ಲ ತಾಂಡೂರಿನ ನಮ್ಮ ಮನೆಯಲ್ಲಿ ಪುಸ್ತಕ ಎಂದರೆ ಪುರಾಣ, ಪುರಾಣ ಎಂದರೆ ಶ್ರಾವಣ. ಅಯ್ಯನವರು ಬಂದು ಓದುವರು, ಹೆಂಗಸರು ಕೇಳುವರು, ಮುಗಿದ ಮೇಲೆ ಮಂಗಳಾರತಿ, ಬೆಲ್ಲ-ಕೊಬ್ಬರಿ. ಮನುಷ್ಯರ ಸುಖದುಃಖವನ್ನು ಮನುಷ್ಯರೇ ಕಟ್ಟಿ ಬರೆಯುತ್ತಾರೆ, ಅದಕ್ಕೆ ಕಾದಂಬರಿ ಅನ್ನುತ್ತಾರೆ ಎಂಬುದು ಆ ಮನೆಯ ಹೆಂಗಸರಲ್ಲಿ ಮೊದಲು ತಿಳಿದದ್ದು ನನಗೆ. ತಿಳಿಸಿದವನು ಕಾಕಾ, ಅಪ್ಪನ ತಮ್ಮ.

ಕಾಕಾ ತೊಗರಿ ವ್ಯಾಪಾರಕ್ಕೆ ರೈಲು ಹತ್ತಿ, ವಾಡಿ ದಾಟಿ, ಸೊಲ್ಲಾಪುರದವರೆಗೆ ಹೋಗುತ್ತಿದ್ದ. ಅದು ನಿಜಾಮರ ಸರಹದ್ದಿನ ಆಚೆ. ಬರುವಾಗ ಅವನ ಚೀಲದ ತಳದಲ್ಲಿ, ಧೋತರದ ಮಡಿಕೆಯೊಳಗೆ, ಒಂದು ಕಾದಂಬರಿ ಇರುತ್ತಿತ್ತು. ನಾನು ಹೋಗುತ್ತಿದ್ದ ಸಾಲೆಯಲ್ಲಿ ಎಲ್ಲ ಉರ್ದು. ಕನ್ನಡ ಅಕ್ಷರ ತಿದ್ದಿಸಿದವನೂ ಕಾಕಾನೇ. ಅವನ ಹೆಂಡತಿ ನೀಲಾಕಾಕು ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳು, ಓದು ಬಾರದವಳು. "ಪಾರೀ, ನಿಮ್ಮ ಕಾಕುಗ ನೀನೇ ಓದಿ ಹೇಳವ್ವಾ. ನಾ ಓದಾಕ ಕುಂತ್ರ ಮನಿಮಂದಿ ನಗತಾರ" ಎಂದು ಕಾಕಾ ಪುಸ್ತಕವನ್ನು ನನ್ನ ಕೈಗೆ ಕೊಡುತ್ತಿದ್ದ. ನನಗೆ ಹದಿನಾಲ್ಕಾದ ವರ್ಷವೂ ಹಾಗೆ ಒಂದನ್ನು ಕೊಟ್ಟು ಮತ್ತೆ ಸೊಲ್ಲಾಪುರಕ್ಕೆ ಹೋದ. ಎಳ್ಳಮಾಸಿಯೊಳಗೆ, ಅಂದರೆ ಎಳ್ಳು ಅಮಾವಾಸ್ಯೆಯ ಹಬ್ಬದೊಳಗೆ, ಬರುತ್ತೇನೆ ಎಂದಿದ್ದ.

ಆ ವರ್ಷ ನಮ್ಮ ಓಣಿಯ ಬಾಗಿಲುಗಳು ಹಗಲಲ್ಲೂ ಅಗಳಿ ಹಾಕಿಕೊಂಡಿರುತ್ತಿದ್ದವು. ನಿಜಾಮರ ಪರ ಬಂದೂಕು ಹಿಡಿದ ಮಂದಿ ಗುಂಪಾಗಿ ತಿರುಗುತ್ತಿದ್ದರು. ಹತ್ತಿರದ ಪೆದ್ದೆಮುಲ್ ಕಡೆಯಿಂದ ತೊಗರಿ ಗಾಡಿ ಬರುವುದು ನಿಂತಿತ್ತು. ಬಂದವರು ಸುದ್ದಿ ಹೇಳುವ ಮೊದಲು ಹಿಂದೆ ತಿರುಗಿ ನೋಡುತ್ತಿದ್ದರು. ಮಕ್ಕಳಿಗೆ ಹೊರಗೆ ಆಟವಿಲ್ಲ. ಪಡಸಾಲೆಯ ತಣ್ಣನೆಯ ಫರಸಿ ಕಲ್ಲಿನ ಮೇಲೆ ಆಣೆಕಲ್ಲು ಆಡಿದರೂ "ಸಪ್ಪಳ ಮಾಡಬ್ಯಾಡ್ರೇ" ಎಂದು ಅವ್ವ ಗದರುವಳು. ಉಳಿದದ್ದು ಓದು ಒಂದೇ.

ಮಧ್ಯಾಹ್ನ ರೊಟ್ಟಿ ಬಡಿದು ಮುಗಿದ ಮೇಲೆ ಅವ್ವ, ಕಾಕು, ಆಯಿ ತೊಗರಿಬೇಳೆ ಹಸನು ಮಾಡುತ್ತ ಕೂರುವರು. ಹುರಿದ ಶೇಂಗಾದ ವಾಸನೆ, ಮೊರದ ಸದ್ದು, ನಡುವೆ ನನ್ನ ದನಿ. ಆಯಿ, ಅಂದರೆ ಅಪ್ಪನ ತಾಯಿ, ಕಾದಂಬರಿಯನ್ನೂ ಪುರಾಣವೆಂದೇ ತಿಳಿದಿದ್ದಳು. ಪುಸ್ತಕ ನೆಲಕ್ಕೆ ಇಡಕೂಡದು, ಮಣೆಯ ಮೇಲಿರಬೇಕು, ವಿಭೂತಿ ಹಚ್ಚಿ ಕೈಮುಗಿದೇ ತೆರೆಯಬೇಕು. ಇದೆಲ್ಲ ಇರಲಿ, ಅವಳ ದೊಡ್ಡ ಕಟ್ಟಳೆ ಇನ್ನೊಂದಿತ್ತು.

"ಅಳೋ ಜಾಗಾಕ್ಕ ಓದು ನಿಲ್ಲಸಬಾರದು. ಶರಣರಿಗೆ ಕಷ್ಟ ಬಂದಲ್ಲಿ ಪುಸ್ತಕ ಮುಚ್ಚಿದ್ರ ಆ ಕಷ್ಟ ಕೇಳಿದವರ ಮನಿಗಿ ಬರ್ತದ. ಕತಿಯಾಗಿನಾಕಿ ನಗೋತನಕ ಓದು, ಆಮ್ಯಾಲ ಮುಚ್ಚು."

ಪುರಾಣ ಬರೆದವರಿಗೆ ಈ ಕಟ್ಟಳೆ ಗೊತ್ತಿತ್ತು, ಕಾದಂಬರಿಕಾರನಿಗೆ ಗೊತ್ತಿರಲಿಲ್ಲ. ಆ ಪುಣ್ಯಾತ್ಮ ಪ್ರತಿ ಅಧ್ಯಾಯವನ್ನೂ ನಾಯಕಿ ಮೂರ್ಛೆ ಹೋಗುವಲ್ಲಿಗೇ ಮುಗಿಸುವನು. ಅವಳು ಎಚ್ಚೆತ್ತು ಒಂದು ಸಲ ನಗುವಷ್ಟರಲ್ಲಿ ನನ್ನ ಗಂಟಲು ಒಣಗಿ, ಸಂಜೆಯ ಅಡುಗೆ ತಡವಾಗಿ, ಅಪ್ಪನಿಂದ ಎಲ್ಲರಿಗೂ ಬೈಗುಳ.

ನಾಯಕಿ ಸುಮತಿ, ಗಂಡ ಸದಾಶಿವ. ಸುಮತಿಯನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಮಾತಿಗೊಮ್ಮೆ ಕಣ್ಣೀರು! ನನಗೆ ಸೇರುತ್ತಿದ್ದವನು ಖಳನಾಯಕ ಶಾನುಭೋಗ. ಎಂಥ ಕೇಡನ್ನೂ ನಯವಾಗಿ ಮಾತಾಡುತ್ತಲೇ ಮಾಡುವನು. ಇನ್ನು ಬರವಣಿಗೆಯೋ, ಅದರ ಹುಚ್ಚು ನನಗೆ ತಲೆಗೇರಿತ್ತು. ಹದಿನಾಲ್ಕರ ವಯಸ್ಸು ನೋಡಿ. "ಅಮ್ಮಾ, ನನಗೆ ಹಸಿವೆಯಾಗುತ್ತಿರುವುದು" ಎಂದು ಒಮ್ಮೆ ಅವ್ವನ ಮುಂದೆ ಪುಸ್ತಕದ ಭಾಷೆ ಆಡಿದೆ. ಅವ್ವ ಮೊರ ಕೆಳಗಿಟ್ಟು, "ಇಕಿಗಿ ಏನಾತು? ದೃಷ್ಟಿ ತಗೀರಿ" ಎಂದಳು. "ಮುಖಾರವಿಂದ" ಎಂದು ಓದಿದಾಗ ಕಾಕು ತಡೆದಳು.

"ಹಂಗಂದ್ರೇನ ಪಾರೀ?"

"ಮಾರಿ."

"ಮಾರಿ ಅನ್ನಾಕ ಅಷ್ಟುದ್ದ ಯಾಕ?" ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ಆಮೇಲೆ ನೋಡಲಿಲ್ಲ.

ಎಲ್ಲರ ಜೊತೆ ಓದುವಷ್ಟು ತಾಳ್ಮೆ ನನಗೆಲ್ಲಿ? ಮಾಳಿಗೆಯ ಮೇಲೆ ಒಣಹಾಕಿದ ಮೆಣಸಿನಕಾಯಿ ಕಾಯುವ ನೆಪದಲ್ಲಿ ಕೊನೆಯವರೆಗೂ ಓದಿಬಿಟ್ಟಿದ್ದೆ. ಸದಾಶಿವ ಹೊಳೆಯಾಚೆಯ ಊರಿಗೆ ಕೆಲಸಕ್ಕೆ ಹೋಗುತ್ತಾನೆ. ಸುಮತಿ ದಿನಾ ಹೊಳೆದಂಡೆಗೆ ಬಂದು ಕಾಯುತ್ತಾಳೆ. ಬೆಳದಿಂಗಳಿಗೆ ಎರಡು ಪುಟ, ಅವಳ ಮುಡಿಯ ಮಲ್ಲಿಗೆಗೆ ಅರ್ಧ ಪುಟ ಬರೆದ ಕಾದಂಬರಿಕಾರ ಅಲ್ಲಿ ಮಾತ್ರ ಒಂದೇ ಸಾಲು ಬರೆದಿದ್ದ: "ಸಂಜೆ ದೋಣಿ ಬಂದಿತು, ಸದಾಶಿವ ಬರಲಿಲ್ಲ." ಅಷ್ಟೇ. ನನಗೆ ಮೈ ಜುಮ್ಮೆಂದಿತು. ಎಂಥ ಬರವಣಿಗೆಯಪ್ಪಾ, ಇಷ್ಟು ಚಿಕ್ಕ ಮಾತಿನಲ್ಲಿ ಇಷ್ಟು ದೊಡ್ಡ ಸಾವು! ಈ ಸಾಲನ್ನು ಪಡಸಾಲೆಯಲ್ಲಿ ಓದುವಾಗ ಎಲ್ಲರ ಮುಖ ಹೇಗಾದೀತು ಎಂದು ಕಾಯುತ್ತಿದ್ದೆ.

ಎಳ್ಳಮಾಸಿ ಬಂತು. ಭಜ್ಜಿ ಪಲ್ಯ, ಸಜ್ಜೆಯ ಕಡುಬು ಮಾಡಿದರು. ಹಬ್ಬದೂಟಕ್ಕೆ ಹೊಲಕ್ಕೆ ಹೋಗಲು ಯಾರಿಗೂ ಧೈರ್ಯವಾಗದೆ ಮನೆಯಲ್ಲೇ ಕೂತು ಉಂಡೆವು. ಕಾಕಾ ಬರಲಿಲ್ಲ. ಪಡಸಾಲೆಯ ಓದು ಸದಾಶಿವ ಹೊಳೆ ದಾಟಿ ಹೋದಲ್ಲಿಗೆ ಬಂದಿತ್ತು. ಮರುದಿನ ಬೇಳೆ ಹಸನು ಮಾಡುತ್ತ ಕಾಕು ತನ್ನಷ್ಟಕ್ಕೆ ಅಂದಳು: "ಸದಾಶಿವ ಬರೋತನಕ ಇವರೂ ಬರೂದಿಲ್ಲ ಅನಸ್ತದ. ಅಂವ ಬಂದ್ನಂದ್ರ ಇವರೂ ಬರ್ತಾರ."

ಆವರೆಗೆ ಚೆಂದ ಕಂಡಿದ್ದ ಸಾಲು ಹೆದರಿಸತೊಡಗಿತು. ಓದು ನಿಧಾನ ಮಾಡಿದೆ. ತಲೆನೋವು ಎಂದೆ, ಗಂಟಲು ಕೆಟ್ಟಿದೆ ಎಂದೆ. ಕಾಕು ಬಿಡಬೇಕಲ್ಲ, ಮಣೆ ತಂದು ಮುಂದಿಡುವಳು.

ಕೊನೆಗೆ ಸುಮತಿ ದಂಡೆಗೆ ಬಂದು ಅಳುವ ಪುಟ ಬಂತು. "ನಿಲ್ಲಸಬ್ಯಾಡ, ಮುಂದ ಓದು" ಎಂದಳು ಆಯಿ. ಓದಿದೆ. ಅಲ್ಲೂ ಅಳು. "ಇನ್ನಷ್ಟು ಓದು." ಇಲ್ಲಿಂದ ಕೊನೆಯವರೆಗೆ ಆ ಹೆಂಗಸು ಒಮ್ಮೆಯೂ ನಗುವುದಿಲ್ಲ, ನಿಲ್ಲಿಸಲು ಜಾಗವೇ ಇಲ್ಲ ಎಂಬುದು ಗೊತ್ತಿದ್ದವಳು ನಾನೊಬ್ಬಳೇ. ಆಗ ಅಪ್ಪ ಹಿತ್ತಿಲ ಬಾಗಿಲಿನಿಂದ ಓಡಿಬಂದ.

"ಮನಿಮನಿ ತಲಾಶಿ ನಡದದ. ಸರಹದ್ದಿನಾಚಿ ಅಚ್ಚು ಹಾಕಿದ್ದು ಒಂದು ಹಾಳಿ ಸಿಕ್ಕರೂ ಬಿಡೂದಿಲ್ಲಂತ. ಕೊಡು ಅದನ್ನ."

ಪುಸ್ತಕ ಕಿತ್ತುಕೊಂಡು ಬಚ್ಚಲದ ಒಲೆಗೆ ಹಾಕಿದ. ಹೊರಗೆ ಬೂಟುಗಾಲಿನ ಸದ್ದು ಓಣಿಯ ಆ ತುದಿಯಿಂದ ಬಂದು, ನಮ್ಮ ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತು, ಮುಂದೆ ಹೋಯಿತು. ಆಯಿ ಖಾಲಿ ಮಣೆ ನೋಡುತ್ತ, "ಅಳೋ ಜಾಗಾಕ್ಕೇ ನಿಂತಿತಲ್ಲೋ ಮಗನೇ" ಎನ್ನುತ್ತಿದ್ದಳು.

ಮರುದಿನ ಕಾಕು ನನ್ನನ್ನು ಮಾಳಿಗೆಗೆ ಎಳೆದುಕೊಂಡು ಹೋದಳು. "ನೀ ಮುಂದಿಂದೂ ಓದೀದಿ, ನನಗ ಗೊತ್ತದ. ಬಾಯಿಲೇ ಹೇಳು. ಅಂವ ಬರ್ತಾನಿಲ್ಲೋ?"

ಅವಳ ಕಣ್ಣು ನೋಡಿ ಇಲ್ಲ ಎನ್ನಲು ನನ್ನಿಂದಾಗಲಿಲ್ಲ. ಸದಾಶಿವನಿಗೆ ಜ್ವರ ಬರಿಸಿದೆ. ಅಂಬಿಗರ ಮನೆಯಲ್ಲಿ ಮಲಗಿಸಿದೆ. ಹೊಳೆಗೆ ಮಹಾಪೂರ ತಂದೆ. ಮಾತು ಸಾಲದಾದಾಗ ಕಾದಂಬರಿಕಾರನಂತೆಯೇ ಬೆಳದಿಂಗಳು ಚೆಲ್ಲಿದೆ. ದಿನಾ ಮಧ್ಯಾಹ್ನ ಅವನು ಸುಮತಿಯ ಕಡೆಗೆ ಒಂದಿಷ್ಟು ದೂರ ನಡೆಯುವನು. ಕಾಕು ಒಂದು ತುತ್ತು ಹೆಚ್ಚಿಗೆ ಉಣ್ಣುವಳು. ಕಾಕಾನ ಸುದ್ದಿಯಿಲ್ಲ.

ಒಂದು ಸಂಜೆ ಕಾಕಾನ ಜೊತೆ ರೈಲಿನ ಅದೇ ಡಬ್ಬಿಯಲ್ಲಿದ್ದ ವ್ಯಾಪಾರಿಯೊಬ್ಬ ಬಂದ. ನೀರೂ ಕುಡಿಯದೆ, ನಿಂತುಕೊಂಡೇ ಅಪ್ಪನಿಗೆ ಹೇಳಿದ: "ನಡುವ ಒಂದು ಸಣ್ಣ ಟೇಸನ್ನಿನಾಗ ಬಂದೂಕಿನವರು ಕೆಲವರನ್ನ ಕೆಳಗ ಇಳಿಸಿದ್ರು ರೀ. ನಿಮ್ಮ ತಮ್ಮನೂ ಇದ್ದ. ಗಾಡಿ ಹೊಂಟಿತು. ಆಮ್ಯಾಲಿಂದು ನನಗ ಗೊತ್ತಿಲ್ರಿ." ಅಪ್ಪ ಕಂಬಕ್ಕೆ ಒರಗಿದ. ಕಾಕು ಬಾಗಿಲ ಹಿಂದೆ ನಿಂತು ಕೇಳಿದ್ದಳು. ಅಳಲಿಲ್ಲ.

ಮರುದಿನ ಮಾಳಿಗೆಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ಅವಳೇ ಅಂದಳು: "ಸಾಕು ಪಾರೀ. ಪುಸ್ತಕದಾಗ ಖರೇ ಹ್ಯಾಂಗ ಅದ, ಹಂಗ ಹೇಳು."

ಹೇಳಿದೆ. ಸಂಜೆ ದೋಣಿ ಬಂದಿತು, ಸದಾಶಿವ ಬರಲಿಲ್ಲ.

"ಮುಂದ?"

"ಇಷ್ಟೇ ಕಾಕು. ಅಂವಂದು ಇಷ್ಟೇ ಅದ."

"ಬೆಳದಿಂಗಳಿಗಿ ಅಷ್ಟು ಬರದಾನ. ಜೀವಂತ ಗಂಡಸಿಗಿ ಒಂದೇ ಸಾಲೇನು?" ಎಂದಳು ಕಾಕು. ಆಮೇಲೆ ನನ್ನ ಹೆಗಲಿಗೆ ಹಣೆ ಒತ್ತಿ, "ನಮ್ಮವರಿಗಿ ಅದೂ ಇಲ್ಲಲ್ಲ ಪಾರೀ" ಎಂದು ಜೋರಾಗಿ ಅತ್ತಳು. ಕೆಳಗಿನಿಂದ ಯಾರೂ ಬಂದು ತಡೆಯಲಿಲ್ಲ.

ನಿಜಾಮರ ಆಳಿಕೆ ಹೋಯಿತು, ಅಗಳಿಗಳು ಸರಿದವು, ರೈಲು ಸರಿಯಾಗಿ ಓಡಿದವು. ಕಾಕಾ ಬರಲೂ ಇಲ್ಲ, ಇಂಥಲ್ಲಿ ಹೀಗಾಯಿತೆಂದು ಹೇಳುವವರೂ ಬರಲಿಲ್ಲ. ಕಾಕು ಕುಂಕುಮವನ್ನು ಅಳಿಸಿಕೊಳ್ಳಲೂ ಆಗದೆ, ನೆಮ್ಮದಿಯಿಂದ ಇಟ್ಟುಕೊಳ್ಳಲೂ ಆಗದೆ ಮುದುಕಿಯಾದಳು. ನಾನು ಆಮೇಲೆ ಓದಿದ ಕಾದಂಬರಿಗಳಿಗೆ ಎಣಿಕೆಯಿಲ್ಲ. ಒಂದು ಸಾಲಿನಲ್ಲಿ ಮನುಷ್ಯನನ್ನು ಮುಗಿಸುವ ಬರಹಗಾರರನ್ನು ಜನ ಹೊಗಳಿದಾಗ ನನಗೆ ಸಿಟ್ಟು ಬರುತ್ತದೆ. ಓದಿ ಮೈಮರೆಯುತ್ತಿದ್ದ ಆ ಹುಡುಗಿ ಮಾಳಿಗೆಯಿಂದ ಕೆಳಗೆ ಇಳಿಯಲೇ ಇಲ್ಲವೇನೋ.

ಕಾಕಾನಿಗಾಗಿ ಇವತ್ತು ಇಷ್ಟು ಬರೆದೆ. ಓದಿ ಹೇಳೋಣವೆಂದರೆ ಆ ಪಡಸಾಲೆಯಲ್ಲಿ ಕೂತು ಕೇಳುತ್ತಿದ್ದವರಲ್ಲಿ ಒಬ್ಬರೂ ಉಳಿದಿಲ್ಲ.