ಸವೆಯದ ಅಟ್ಟೆ

ಅವರ ಎಡಗೈ ಹೆಬ್ಬೆರಳು ಮೇಣದಿಂದ ಕಪ್ಪಾಗಿತ್ತು, ಉಗುರು ಒಂದು ಪಕ್ಕ ಸೀಳಿತ್ತು. ಯಾರೇ ಚಪ್ಪಲಿ ಹೊಲಿಯಲು ಕೊಡಲಿ, ಮೊದಲು ಅದನ್ನು ಮಗುಚಿ ಆ ಹೆಬ್ಬೆರಳನ್ನು ಅಟ್ಟೆಯ ಮೇಲೆ ಹಿಮ್ಮಡಿಯಿಂದ ತುದಿಯವರೆಗೆ ನಿಧಾನವಾಗಿ ಎಳೆಯುತ್ತಿದ್ದರು. ಮಾತು ಆಮೇಲೆ.

ನಾನು ತುಮಕೂರಿನ ಬಟವಾಡಿಗೆ ಬಾಡಿಗೆಗೆ ಬಂದು ಒಂದು ವರ್ಷವಾಗಿತ್ತು. ನನ್ನ ಚಪ್ಪಲಿಯನ್ನೂ ಹಾಗೆಯೇ ಓದಿದರು. “ಮೇಡಮ್ಮೋರೆ, ನೀವು ಕ್ಲಿನಿಕ್ ಹಿಂದಿನ ಬೀದಿಲಿ ಇದೀರಾ ಅಲ್ವಾ? ಅಲ್ಲಿ ಚರಂಡಿ ಚಪ್ಪಡಿ ಎದ್ದವೆ. ಎಡವಿ ಎಡವಿ ಚಪ್ಪಲಿ ಮೂತಿ ಸವೆಸಿದೀರ.”

ಸರಿಯಾಗಿಯೇ ಹೇಳಿದ್ದರು. ಅವರು ಚೇಳೂರಿನ ಕಡೆಯವರು. ಗುಬ್ಬಿಗೆ ಒಂದು ಬಸ್ಸು, ತುಮಕೂರಿಗೆ ಇನ್ನೊಂದು, ಅಲ್ಲಿಂದ ಸಿಟಿ ಬಸ್ಸು ಹಿಡಿದು ದಿನವೂ ಬಂದು ಹೈವೇ ಪಕ್ಕದ ಹೊಂಗೆ ಮರದಡಿ ಕೂರುತ್ತಿದ್ದರು. ಎಲ್ಲರಂತೆ ನಾನೂ ಅವರನ್ನು ಯಜಮಾನರೇ ಎನ್ನುತ್ತಿದ್ದೆ. ಶಾಲೆಗೆ ಹೋಗುವಾಗ ಅಲ್ಲೊಂದು ನಿಮಿಷ ನಿಲ್ಲುವುದು ರೂಢಿಯಾಯಿತು.

ಹೈವೇ ಅಂಚಿನಲ್ಲಿ ನಡೆಯುವವರ ಅಟ್ಟೆ ಎಡ ಹೊರಮೈಯಲ್ಲಿ ಸವೆಯುತ್ತದೆ, ರಸ್ತೆ ಆ ಕಡೆಗೆ ಇಳಿಜಾರು. ನೆರಳಿರುವ ಒಳಬೀದಿಯವರದು ಎರಡೂ ಸಮ. ಇದೆಲ್ಲ ಅವರು ಕಲಿಸಿದ್ದು. ಈಚೆಗೆ ಇನ್ನೊಂದು ಬಗೆ ಬರತೊಡಗಿತ್ತು: ಬಾರು ಕೊಳೆತು ಕಿತ್ತಿರುತ್ತದೆ, ಅಟ್ಟೆ ಮಾತ್ರ ಹೊಸದರಂತಿರುತ್ತದೆ. ಅಂಥದೊಂದನ್ನು ನನ್ನ ಮುಂದೆ ಹಿಡಿದು ರೇಗಿದರು.

“ಇದು ಸವ್ದು ಹೋದದ್ದಲ್ಲ, ಕೂತು ಹೋದದ್ದು. ಈ ಯಮ್ಮ ಮೊದ್ಲು ಮಾರ್ಕೆಟ್ಟಿಗೆ ನಡ್ಕೊಂಡೇ ಹೋಗೋರು. ಈಗ ಗೇಟು ದಾಟುದ್ರೆ ಆಟೋ. ಡಾಕ್ಟ್ರು ನಡೀರಿ ಅಂತಾರೆ, ರೋಡು ನಡೀಬ್ಯಾಡಿ ಅಂತದೆ. ಯಾರ್ ಮಾತು ಕೇಳಾದು?”

ಚಪ್ಪಲಿಯ ಒಡತಿ ಪಕ್ಕದಲ್ಲೇ ನಿಂತಿದ್ದರು. “ಅಷ್ಟು ಸಂಕಟ ಆದ್ರೆ ನೀನೇ ಹೊತ್ಕೊಂಡೋಗಪ್ಪ!”

“ಹೊರ್ತಿದ್ದೆ ಕಣಮ್ಮ, ಹೊತ್ಕೊಂಡು ನಡೆಯಕ್ಕೂ ಜಾಗ ಇಲ್ವಲ್ಲ!”

ಕೊನೆಗೆ ಫುಟ್‌ಪಾತ್ ಬಂತು. ಕಂಟ್ರಾಕ್ಟರ್ ಕಡೆಯವರು ಹೊಂಗೆ ಮರ ಕಡಿದು ಬಣ್ಣದ ಇಟ್ಟಿಗೆ ಹಾಸಿದರು. ಮರ ಹೋಯಿತೆಂದು ಯಜಮಾನರು ನೊಂದರೂ, ಮೊದಲ ದಿನ ಅದರ ಮೇಲೆ ಈ ತುದಿಯಿಂದ ಆ ತುದಿಗೆ ನಡೆದು ಬಂದರು. ಮರುದಿನ ಅಲ್ಲೇ ಪೆಟ್ಟಿಗೆ ಇಟ್ಟು ಕೂತಿದ್ದಾಗ ಮೇಸ್ತ್ರಿ ಬಂದ. “ಏಳೋ, ಇದು ನಡೆಯೋರ ಜಾಗ” ಎಂದ. ಯಜಮಾನರು ಅವನ ತಂದೆಯ ವಯಸ್ಸಿನವರು. ಪೆಟ್ಟಿಗೆ ಎತ್ತಿಕೊಂಡರು. “ನಡೆಯೋರಿಗೆ ಅಂದ್ಮೇಲೆ ನಾನು ಏಳ್ಬೇಕಾದ್ದೇ ಬುಡಿ” ಎಂದರು ನನಗೆ. ರಸ್ತೆಯಾಚೆ, ಮುಚ್ಚಿದ ಗೋಡೌನಿನ ಗೋಡೆಗೆ ಒರಗಿ ಕೂತರು.

ತಿಂಗಳೊಳಗೆ ಆ ನಡೆಯುವವರ ಜಾಗದಲ್ಲಿ ಜನರೇಟರ್ ಬಂತು, ಬೇಕರಿಯ ಫ್ರಿಜ್ ಬಂತು, ಬೈಕುಗಳು ಸಾಲಾಗಿ ನಿಂತವು. ಅವುಗಳಿಗೆ ಏಳು ಎಂದವರು ಯಾರೂ ಇಲ್ಲ. ಒಬ್ಬ ಮನುಷ್ಯ, ಒಂದು ಪೆಟ್ಟಿಗೆ, ಒಂದು ಗೋಣಿಚೀಲ. ಇಡೀ ರಸ್ತೆಯಲ್ಲಿ ಅಡ್ಡವಾಗಿ ಕಂಡದ್ದು ಅಷ್ಟೇ. ನಾವೆಲ್ಲ ಮತ್ತೆ ರಸ್ತೆಗಿಳಿದೆವು. ಇಳಿಯಲಾರದವರು ಮನೆಯಲ್ಲಿ ಕೂತರು.

ಮುಂದಿನದನ್ನು ಕಂಡಷ್ಟೇ ಬರೆಯುತ್ತೇನೆ. ಒಂದು ದಿನ ಬೆಳಿಗ್ಗೆ ನಾನು ಬಸ್ ಸ್ಟಾಪಿನಲ್ಲಿದ್ದೆ. ಅವರು ಎಂದಿನಂತೆ ಈಚೆ ಬದಿಯಲ್ಲಿ ಸಿಟಿ ಬಸ್ಸಿಳಿದರು, ಗೋಡೌನು ಆಚೆಗೆ. ಕಣ್ಣು ಹಾಯುವಷ್ಟು ದೂರ, ದಾಟಲು ರಸ್ತೆಯ ನಡುಗೋಡೆಯಲ್ಲಿ ಇರುವುದು ಒಂದೇ ಸಂದು. ಅದರ ಎದುರು ನಿಂತು ಎರಡು ಬಸ್ಸು, ಒಂದು ಟಿಪ್ಪರ್ ಹೋಗುವವರೆಗೆ ಕಾದರು. ಕೈ ಎತ್ತಿ ಹಿಡಿದು ಮೊದಲ ಅರ್ಧ ದಾಟಿದರು. ಸಂದಿನಲ್ಲಿ ಮತ್ತೆ ನಿಂತು, ವಾಹನ ಬರಬೇಕಾದ ಕಡೆ ನೋಡಿದರು. ಮೂರನೇ ಹೆಜ್ಜೆ ಇಟ್ಟಾಗ, ಬರಬಾರದ ಕಡೆಯಿಂದ ಕಾರು ಬಂತು.

ಮಧ್ಯಾಹ್ನ ಆಸ್ಪತ್ರೆಯಲ್ಲಿ ತೀರಿಕೊಂಡರು. ನನ್ನ ಹೇಳಿಕೆ ಬರೆದುಕೊಳ್ಳುತ್ತಿದ್ದ ಪೇದೆ ಓದಿ ಹೇಳಿದ: “ಅಜಾಗರೂಕತೆಯಿಂದ ರಸ್ತೆ ದಾಟುತ್ತಿದ್ದಾಗ.” ಎಲ್ಲರೂ ಹಾಗೆಯೇ ಬರೆಯುವುದಂತೆ.

ಅವರ ಒಂದು ಚಪ್ಪಲಿ ನನ್ನ ಕೈಯಲ್ಲಿತ್ತು. ರಸ್ತೆಯಿಂದ ಎತ್ತಿಕೊಂಡದ್ದು, ಯಾರಿಗೆ ಕೊಡುವುದೋ ತಿಳಿದಿರಲಿಲ್ಲ. ಮಗುಚಿ, ಹಿಮ್ಮಡಿಯಿಂದ ತುದಿಯವರೆಗೆ ಹೆಬ್ಬೆರಳು ಎಳೆದೆ. ಕಾಗದದಷ್ಟು ತೆಳ್ಳಗೆ, ಎಲ್ಲ ಕಡೆ ಸಮವಾಗಿ ಸವೆದಿತ್ತು.

“ಆ ಅಜಾಗರೂಕತೆ ಅನ್ನೋ ಪದ ಹೊಡೆದುಹಾಕಿ” ಎಂದೆ.

“ಯಾಕ್ ಮೇಡಂ? ಹೋದೋರು ವಾಪಸ್ ಬರ್ತಾರಾ?”

ಮೂರು ಸಲ ಹೇಳಬೇಕಾಯಿತು. ನಿಂತರು, ಕಾದರು, ನೋಡಿದರು ಎಂದು ಬರೆಸಿದೆ. ಒಮ್ಮೆ ಓದಿಸಿ ಕೇಳಿದೆ. ಆಮೇಲೆ ಸಹಿ ಹಾಕಿದೆ.